ಕೆಂಪು ಗೆರೆಗೂ ವಿಳಾಸ ಬೇಕು: ಡ್ರಾಯಿಂಗ್ ಮೇಲೆ ಟಿಪ್ಪಣಿ ಬರೆಯುವ ಕ್ರಮ

ವಿನ್ಯಾಸ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ, ಎರಕ ಬೆಳಗಾವಿಯ ಫೌಂಡ್ರಿಯಲ್ಲಿ, ಮಶೀನಿಂಗ್ ಪೀಣ್ಯದಲ್ಲಿ. ಒಂದು ಚಿಕ್ಕ ಗೇರ್‌ಬಾಕ್ಸ್ ತಯಾರಾಗುವಷ್ಟರಲ್ಲಿ ಅದರ ಡ್ರಾಯಿಂಗ್ ಏಳೆಂಟು ಜನರ ಕೈ ದಾಟಿರುತ್ತದೆ. ನಡುವೆ ಯಾರೋ ಪ್ರಿಂಟ್ ಮೇಲೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ‘ಬೇರಿಂಗ್ ಕೂರಲ್ಲ, ಸ್ವಲ್ಪ ನೋಡಿ’ ಎಂದು ಬರೆದು, ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಯಾವ ಬೇರಿಂಗ್? ಏಕೆ ಕೂರುವುದಿಲ್ಲ? ಎಷ್ಟು ಬದಲಾಗಬೇಕು? ಆ ಹಾಳೆ ಯಾವ ರಿವಿಷನ್‌ನದು, ಅಂದರೆ ಎಷ್ಟನೆಯ ತಿದ್ದುಪಡಿಯ ಆವೃತ್ತಿ? ತಿಳಿಯಲು ಮೂರು ಸಲ ಫೋನ್ ಮಾಡಬೇಕು, ಫೋನಿನಲ್ಲಿ ತೀರ್ಮಾನವಾದದ್ದು ಹಾಳೆಯ ಮೇಲೆ ಬರುವುದೇ ಇಲ್ಲ.

ಅಳತೆ ಎಷ್ಟು ಎಂಬುದನ್ನು ಡ್ರಾಯಿಂಗ್ ಹೇಳುತ್ತದೆ. ಅಷ್ಟೇ ಏಕೆ ಎಂಬುದನ್ನು ಹೇಳಲು ಅದರಲ್ಲಿ ಜಾಗವಿಲ್ಲ. ವಿನ್ಯಾಸಕಾರರ ತಲೆಯಲ್ಲಿರುವ ಕಾರಣ ಮಶೀನಿನವರಿಗೆ, ಅವರ ಕೈಯ ಅನುಭವ ವಿನ್ಯಾಸಕಾರರಿಗೆ ದಾಟುವುದು ಟಿಪ್ಪಣಿಯ ಮೂಲಕವೇ. ಹಾಗಾಗಿ ಅದನ್ನು ಬರೆಯುವುದಕ್ಕೂ ಒಂದು ಕ್ರಮ ಬೇಕು.

ಹೆಜ್ಜೆ 1: ಪೆನ್ನು ಎತ್ತುವ ಮೊದಲು ಹಾಳೆ ಯಾವುದೆಂದು ಖಚಿತಪಡಿಸಿಕೊಳ್ಳಿ

ಟೈಟಲ್ ಬ್ಲಾಕಿನಲ್ಲಿ (ಹಾಳೆಯ ಮೂಲೆಯಲ್ಲಿರುವ ಮಾಹಿತಿ ಚೌಕ) ನಾಲ್ಕು ವಿಷಯ ಓದಿ: ಡ್ರಾಯಿಂಗ್ ಸಂಖ್ಯೆ, ಹಾಳೆ ಸಂಖ್ಯೆ, ರಿವಿಷನ್ ಅಕ್ಷರ, ಪ್ರೊಜೆಕ್ಷನ್ ಚಿಹ್ನೆ (ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯಲ್ಲಿ ಯಾವ ಕ್ರಮದಲ್ಲಿ ಇಟ್ಟಿದ್ದಾರೆ ಎಂಬುದರ ಗುರುತು). ನಮ್ಮಲ್ಲಿ ರೂಢಿಯಲ್ಲಿರುವುದು ಫಸ್ಟ್ ಆಂಗಲ್. ಅಮೆರಿಕದ ಗ್ರಾಹಕರ ಡ್ರಾಯಿಂಗ್ ಸಾಮಾನ್ಯವಾಗಿ ಥರ್ಡ್ ಆಂಗಲ್. ಆ ಚಿಹ್ನೆ ನೋಡದೆ ಓದಿದರೆ ಎಡಬದಿಯ ರಂಧ್ರ ಬಲಬದಿಗೆ ಹೋಗುತ್ತದೆ, ಬಳಿಕ ಬರೆಯುವ ಟಿಪ್ಪಣಿಯೆಲ್ಲ ತಪ್ಪು ಬದಿಯದ್ದಾಗುತ್ತದೆ. ಜರ್ಮನಿಯ ಡ್ರಾಯಿಂಗ್‌ಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಇರುತ್ತದೆ ಎಂಬುದೂ ನೆನಪಿರಲಿ.

ನಂತರ ಮೂಲ ಪಿಡಿಎಫ್‌ನ ಪ್ರತಿ ಮಾಡಿ, ಅದಕ್ಕೆ ಮಾತ್ರ ಟಿಪ್ಪಣಿ ಹಾಕಿ. ಎಲ್ಲರೂ ಬರೆಯುವುದು ಒಂದೇ ಪ್ರತಿಯ ಮೇಲೆ. ನಾಲ್ವರು ನಾಲ್ಕು ಪ್ರತಿಯಲ್ಲಿ ಬರೆದರೆ ಕೊನೆಗೆ ಅವನ್ನು ಸೇರಿಸುವವರು ಯಾವುದಾದರೂ ಒಂದನ್ನು ಬಿಟ್ಟೇ ಬಿಡುತ್ತಾರೆ.

ಹೆಜ್ಜೆ 2: ಬಣ್ಣಕ್ಕೂ ಅಕ್ಷರಕ್ಕೂ ಅರ್ಥ ನಿಗದಿ ಮಾಡಿ

ಹಲವು ಕಡೆ ಸೇರಿಸಬೇಕಾದದ್ದಕ್ಕೆ ಕೆಂಪು, ತೆಗೆಯಬೇಕಾದದ್ದಕ್ಕೆ ಹಸಿರು, ಪ್ರಶ್ನೆ ಅಥವಾ ಮಾಹಿತಿಗೆ ನೀಲಿ, ನೋಡಿ ಸರಿಯೆನಿಸಿದ್ದಕ್ಕೆ ಹಳದಿ ಹೈಲೈಟರ್ ಬಳಸುತ್ತಾರೆ. ಎಲ್ಲ ಕಂಪನಿಯಲ್ಲೂ ಇದೇ ಪದ್ಧತಿ ಇರುವುದಿಲ್ಲ. ಆದ್ದರಿಂದ ಬಣ್ಣಗಳ ಅರ್ಥವನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ. ಬಣ್ಣವನ್ನೇ ನಂಬಿ ಕೂರಲೂಬೇಡಿ. ಕಪ್ಪು-ಬಿಳುಪು ಪ್ರಿಂಟರಿನಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದು. ಕೆಂಪು-ಹಸಿರಿನ ವ್ಯತ್ಯಾಸ ಕಣ್ಣಿಗೆ ಕಾಣದವರೂ ನಮ್ಮ ನಡುವೆ ಇದ್ದಾರೆ. ಪ್ರತಿ ಟಿಪ್ಪಣಿಯ ತಲೆಯಲ್ಲಿ ‘ಬದಲಾವಣೆ’, ‘ಪ್ರಶ್ನೆ’, ‘ಮಾಹಿತಿ’ ಎಂಬ ಮೂರರಲ್ಲಿ ಒಂದು ಪದ ಇರಲಿ. ‘ಪ್ರಶ್ನೆ’ ಎಂಬ ಪದವಿಲ್ಲದ ಕಾರಣಕ್ಕೆ ಬರೀ ಸಂದೇಹವನ್ನೇ ಆದೇಶವೆಂದು ತಿಳಿದು ಲೋಹ ಕೊರೆಯುವುದುಂಟು.

ಯಾರ ಟಿಪ್ಪಣಿ ಎಂದು ತಿಳಿಯಲು ಅಕ್ಷರ ಕೊಡಿ: ಮಶೀನ್ ಶಾಪ್‌ಗೆ ‘ಮ’, ಫೌಂಡ್ರಿಗೆ ‘ಫ’, ವಿನ್ಯಾಸಕ್ಕೆ ‘ವಿ’, ಗುಣಮಟ್ಟ ಪರೀಕ್ಷೆಗೆ ‘ಗು’. ಜೊತೆಗೆ ಕ್ರಮಸಂಖ್ಯೆ. ಮ-07 ಎಂದರೆ ಮಶೀನ್ ಶಾಪ್‌ನ ಏಳನೆಯ ಟಿಪ್ಪಣಿ. ಮ-07 ತಿರಸ್ಕೃತವಾದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು.

ಹೆಜ್ಜೆ 3: ಮೋಡ ಎಳೆಯಿರಿ, ಜಾಗ ಹೇಳಿ

ಬದಲಾಗಬೇಕಾದ ಭಾಗವನ್ನು ಮಾತ್ರ ಒಳಗೊಳ್ಳುವಂತೆ ಮೋಡದಾಕಾರದ ಗೆರೆ ಹಾಕಿ. ಅರ್ಧ ಹಾಳೆಯನ್ನೇ ಮೋಡ ನುಂಗಿದರೆ ಅದು ಏನನ್ನೂ ತೋರಿಸಿದಂತಾಗಲಿಲ್ಲ. ಬಾಣದ ತುದಿ ಗೆರೆಗೆ ಮುಟ್ಟಬೇಕೋ ಮೇಲ್ಮೈಗೋ ಎಂದು ಯೋಚಿಸಿ ಎಳೆಯಿರಿ. ಎರಡು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ನಿಂತ ಬಾಣ ಎರಡು ಅರ್ಥ ಕೊಡುತ್ತದೆ.

ಡ್ರಾಯಿಂಗ್ ಹಾಳೆಯ ಅಂಚಿನಲ್ಲಿ ಅಕ್ಷರ ಮತ್ತು ಅಂಕಿಗಳಿರುವ ಚೌಕಗಳ ಪಟ್ಟಿ ಇರುವುದು ಸುಮ್ಮನೆ ಅಲ್ಲ. ಎ3 ಹಾಳೆಯಲ್ಲಿ ಅಡ್ಡಕ್ಕೆ 1ರಿಂದ 8, ಮೇಲಿನಿಂದ ಕೆಳಕ್ಕೆ ಎ ಇಂದ ಎಫ್ ವರೆಗೆ, ಸುಮಾರು 50 ಮಿ.ಮೀ.ಗೆ ಒಂದರಂತೆ ಇರುತ್ತದೆ. ‘ಹಾಳೆ 2, ಸಿ4’ ಎಂದು ಬರೆದರೆ ಫೋನಿನಲ್ಲಿ ಮಾತಾಡುವಾಗಲೂ ಇಬ್ಬರ ಬೆರಳೂ ಒಂದೇ ಜಾಗಕ್ಕೆ ಹೋಗುತ್ತದೆ.

ಹೆಜ್ಜೆ 4: ಕಾರಣ ಸಮೇತ ಬರೆಯಿರಿ

ಹೆಚ್ಚಿನ ಟಿಪ್ಪಣಿಗಳು ಸೋಲುವುದು ಇಲ್ಲಿ. ಮೊದಲು ಹೇಳಿದ ‘ಬೇರಿಂಗ್ ಕೂರಲ್ಲ’ ಎಂಬುದನ್ನೇ ತೆಗೆದುಕೊಳ್ಳಿ. 6205 ಎಂಬ ಪ್ರಮಾಣಿತ ಸಂಖ್ಯೆಯ ಬೇರಿಂಗ್: ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಶಾಫ್ಟ್‌ನ ವ್ಯಾಸಕ್ಕೆ 25 ಕೆ6 (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದರ ಗುರುತು ಕೆ6), ಅಂದರೆ 25.002ರಿಂದ 25.015 ಮಿ.ಮೀ. ಎಂದು ಕೊಟ್ಟಿದ್ದಾರೆ, ಅದು ಸರಿಯಾಗಿಯೇ ಇದೆ. ತೊಂದರೆ ಶಾಫ್ಟ್‌ನ ಭುಜದ, ಅಂದರೆ ಶಾಫ್ಟ್ ದಪ್ಪವಾಗುವ ಮೆಟ್ಟಿಲಿನ, ಬುಡದಲ್ಲಿ. ಅಲ್ಲಿ ಫಿಲೆಟ್ (ಒಳಮೂಲೆಯ ದುಂಡು) ತ್ರಿಜ್ಯ 1.5 ಎಂದಿದೆ. ಈ ಬೇರಿಂಗ್‌ಗೆ ಶಾಫ್ಟ್ ಫಿಲೆಟ್ 1.0 ಮೀರಬಾರದು. ಮೀರಿದರೆ ಒಳರಿಂಗ್‌ನ ಮೂಲೆ ಫಿಲೆಟ್ ಮೇಲೆ ಹತ್ತಿ ನಿಲ್ಲುತ್ತದೆ, ಮುಖ ಭುಜಕ್ಕೆ ತಾಗುವುದಿಲ್ಲ, ಬೇರಿಂಗ್ ಓರೆಯಾಗಿ ಬೇಗ ಹಾಳಾಗುತ್ತದೆ.

ಇದನ್ನು ಹೀಗೆ ಬರೆಯಬೇಕು:

‘ಮ-07. ಬದಲಾವಣೆ. ರಿವಿಷನ್ ಬಿ, ಹಾಳೆ 2, ಸಿ4. ಈಗ: ಭುಜದ ಫಿಲೆಟ್ ತ್ರಿಜ್ಯ 1.5. ಬೇಕಾದದ್ದು: 0.8. ಕಾರಣ: 6205ಕ್ಕೆ ಗರಿಷ್ಠ 1.0; 1.5 ಇದ್ದರೆ ಒಳರಿಂಗ್ ಭುಜಕ್ಕೆ ತಾಗದು. 0.8 ಮೂಗಿನ ಇನ್ಸರ್ಟ್ ನಮ್ಮಲ್ಲಿದೆ. ಉತ್ತರ ಬೇಕಾದ ದಿನ: ಬಾರ್ ಕತ್ತರಿಸುವ ಮೊದಲು, ಸೋಮವಾರ.’

ನಾಲ್ಕೈದು ಸಾಲು, ಅಷ್ಟೇ. (ಇನ್ಸರ್ಟ್ ಎಂದರೆ ಲೇತಿನಲ್ಲಿ ಲೋಹ ಕೊರೆಯುವ ಬಿಲ್ಲೆ.) ಇದರಲ್ಲಿ ಕಾರಣವನ್ನು ಬಿಟ್ಟು ‘1.5 ಬದಲು 0.8 ಮಾಡಿ’ ಎಂದಷ್ಟೇ ಬರೆದಿದ್ದರೆ ವಿನ್ಯಾಸಕಾರರು ಒಪ್ಪಲಿಕ್ಕಿಲ್ಲ, ಅದೂ ನ್ಯಾಯವೇ. ಅವರು 1.5 ಇಟ್ಟದ್ದು ಅಜಾಗರೂಕತೆಯಿಂದ ಅಲ್ಲದಿರಬಹುದು. ಬಾಗುವ ಭಾರ ಹೊರುವ ಶಾಫ್ಟ್‌ನಲ್ಲಿ ಫಿಲೆಟ್ ಚಿಕ್ಕದಾದಷ್ಟೂ ಆ ಮೂಲೆಯಲ್ಲಿ ಒತ್ತಡ ಏರುತ್ತದೆ, ಬಿರುಕು ಹುಟ್ಟುವುದೂ ಅಲ್ಲೇ. ಎರಡು ಕಾರಣಗಳೂ ಹಾಳೆಯ ಮೇಲೆ ಎದುರುಬದುರು ಬಂದಾಗ ಮೂರನೆಯ ದಾರಿ ಕಾಣುತ್ತದೆ: ಫಿಲೆಟ್ 1.5 ಹಾಗೇ ಇರಲಿ, ಭುಜ ಮತ್ತು ಬೇರಿಂಗ್ ನಡುವೆ ದೊಡ್ಡ ಚ್ಯಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಇರುವ 4 ಮಿ.ಮೀ. ದಪ್ಪದ ಸ್ಪೇಸರ್ ರಿಂಗ್ ಹಾಕೋಣ. ‘ಮಾಡಿ’ ಎಂದು ಒಬ್ಬರು, ‘ಆಗದು’ ಎಂದು ಇನ್ನೊಬ್ಬರು ಬರೆಯುತ್ತಿದ್ದರೆ ಈ ಪರಿಹಾರ ಹುಟ್ಟುತ್ತಿರಲಿಲ್ಲ.

ಫೌಂಡ್ರಿಯಿಂದ ಬರುವ ‘ಡ್ರಾಫ್ಟ್ ಬೇಕು’ ಎಂಬ ಟಿಪ್ಪಣಿಯದೂ ಇದೇ ಕಥೆ. ಮರಳಿನಿಂದ ಪ್ಯಾಟರ್ನ್ (ಎರಕಕ್ಕೆ ಮರಳಿನಲ್ಲಿ ಅಚ್ಚೊತ್ತುವ ಮಾದರಿ) ಎತ್ತಲು ಗೋಡೆಗೆ ಇಳಿಜಾರು, ಅಂದರೆ ಡ್ರಾಫ್ಟ್, ಬೇಕು, ನಿಜ. ಆದರೆ ಯಾವ ಮುಖಕ್ಕೆ, ಎಷ್ಟು ಡಿಗ್ರಿ, ಲೋಹ ಸೇರಿಸಿಯೋ ತೆಗೆದೋ? 80 ಮಿ.ಮೀ. ಎತ್ತರದ ಗೋಡೆಗೆ 1.5 ಡಿಗ್ರಿ ಕೊಟ್ಟರೆ ಒಂದು ತುದಿಯಲ್ಲಿ ಸುಮಾರು 2.1 ಮಿ.ಮೀ. ವ್ಯತ್ಯಾಸ ಬರುತ್ತದೆ. ಅಷ್ಟು ಲೋಹ ಒಳಬದಿಗೆ ಸೇರಿದರೆ ತಿರುಗುವ ಗೇರಿಗೆ ತಾಗಬಹುದು, ಹೊರಬದಿಯಲ್ಲಿ ತೆಗೆದರೆ ಗೋಡೆ ತೆಳುವಾಗಬಹುದು. ಬಾಣ, ಡಿಗ್ರಿ, ‘ಹೊರಬದಿಗೆ ಸೇರಿಸಿ’ ಎಂಬ ಎರಡು ಪದ ಇದ್ದರೆ ಗೊಂದಲವಿಲ್ಲ.

ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಬಹುದೇ? ಖಂಡಿತ ಬರೆಯಿರಿ, ಲೇತ್ ಮುಂದೆ ನಿಂತವರು ಓದುವುದು ಅದನ್ನೇ. ಅಳತೆಗಳಿಗೆ ಮಾತ್ರ 1, 2, 3 ಅಂಕಿಗಳೇ ಇರಲಿ, ಅವಸರದ ಕೈಬರಹದಲ್ಲಿ ಕನ್ನಡದ ‘೧’ ಸೊನ್ನೆಯಂತೆ ಕಾಣುತ್ತದೆ. ‘.8’ ಎಂದು ಬರೆಯಬೇಡಿ, ಫೋಟೊಕಾಪಿಯಲ್ಲಿ ಚುಕ್ಕಿ ಅಳಿಸಿ 8 ಆಗುತ್ತದೆ. ‘0.8’ ಎಂದೇ ಬರೆಯಿರಿ. ಡ್ರಾಯಿಂಗ್ ಬಿಡಿಸುವ ಕೆಲವು ಹಳೆಯ ಕ್ಯಾಡ್ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಚೌಕಗಳಾಗಿ ಕಾಣುವುದರಿಂದ, ಕಳುಹಿಸುವ ಮೊದಲು ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಹೆಜ್ಜೆ 5: ಒಂದು ಅಳತೆ ಬದಲಾದರೆ ಅದರ ಬಳಗವನ್ನು ಹುಡುಕಿ

ಹಳೆಯ ಅಳತೆಗೆ ಒಂದೇ ಗೆರೆ ಹೊಡೆಯಿರಿ, ಅದು ಓದಲು ಸಿಗುವಂತಿರಲಿ. ಬಿಳಿ ಬಣ್ಣ ಹಚ್ಚಿ ಮುಚ್ಚಿದರೆ ಏನಿತ್ತು ಎಂಬುದೇ ತಿಳಿಯುವುದಿಲ್ಲ.

ಸ್ಪೇಸರ್ ರಿಂಗ್‌ನ ಉದಾಹರಣೆಯನ್ನೇ ಮುಂದುವರಿಸಿದರೆ: ಬೇರಿಂಗ್ ಇದ್ದಲ್ಲೇ ಇರಬೇಕಾದರೆ ಭುಜ 4 ಮಿ.ಮೀ. ಹಿಂದೆ ಸರಿಯಬೇಕು. ಆಗ ಕಾಲರ್‌ನ (ಶಾಫ್ಟ್ ಮೇಲಿನ ದಪ್ಪ ಪಟ್ಟಿ) ಅಗಲ ಅಷ್ಟು ಕುಗ್ಗುತ್ತದೆ, ಅದರ ಇನ್ನೊಂದು ಬದಿಗೆ ಗೇರ್ ಒರಗಿದೆ. ಬೇರಿಂಗೇ 4 ಮಿ.ಮೀ. ಮುಂದೆ ಸರಿಯುವುದಾದರೆ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ತಡೆಯುವ ಉಂಗುರ) ಕೂರುವ ತೋಡು, ಹೌಸಿಂಗ್‌ನ (ಹೊರಕವಚ) ಬೇರಿಂಗ್ ಸೀಟ್, ಮುಚ್ಚಳದ ಆಳ ಎಲ್ಲವೂ ಸರಿಯಬೇಕು, ಮತ್ತು ಹೌಸಿಂಗ್ ಬೇರೆಯೇ ಡ್ರಾಯಿಂಗ್. ಈ ಪ್ರತಿಯೊಂದು ಜಾಗದಲ್ಲೂ 07-ಎ, 07-ಬಿ, 07-ಸಿ ಎಂದು ಅದೇ ಸಂಖ್ಯೆಯ ಮರಿಗಳನ್ನು ಹಾಕಿ. ಹೊಸ ಬಿಡಿಭಾಗ ಬಂದದ್ದರಿಂದ ಬಿಡಿಭಾಗಗಳ ಪಟ್ಟಿಯಲ್ಲೂ ಒಂದು ಗುರುತು ಬೇಕು. ಜೋಡಣೆಯ ದಿನ ರಿಂಗ್ ಇಲ್ಲವೆಂದು ತಿಳಿಯುವುದು ಇದನ್ನು ಮರೆತಾಗಲೇ.

ಹೆಜ್ಜೆ 6: ಫೋನಿನಲ್ಲಿ ಆದ ತೀರ್ಮಾನವನ್ನು ಹಾಳೆಗೆ ತನ್ನಿ

1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಛಾವಣಿಯಿಂದ ತೂಗುಬಿಟ್ಟಿದ್ದ ನಡೆದಾರಿಗಳು ಜನರ ಮೇಲೆ ಕುಸಿದು 114 ಮಂದಿ ಸತ್ತರು. ಮೂಲ ವಿನ್ಯಾಸದಲ್ಲಿ ಉದ್ದನೆಯ ಒಂದೇ ಉಕ್ಕಿನ ಸರಳು ನಾಲ್ಕನೆಯ ಮಹಡಿಯ ನಡೆದಾರಿಯನ್ನು ಹಾಯ್ದು ಎರಡನೆಯ ಮಹಡಿಯದಕ್ಕೆ ಇಳಿಯುತ್ತಿತ್ತು. ತಯಾರಿಕೆ ಸುಲಭವಾಗಲೆಂದು ಅದನ್ನು ಎರಡು ಸರಳುಗಳಾಗಿ ಒಡೆಯಲಾಯಿತು. ಕೆಳಗಿನ ನಡೆದಾರಿ ಛಾವಣಿಯ ಬದಲು ಮೇಲಿನ ನಡೆದಾರಿಗೆ ನೇತುಬಿದ್ದಿತು, ಮೇಲಿನ ತೊಲೆಯ ನಟ್ ಹೊರಬೇಕಾದ ಭಾರ ದುಪ್ಪಟ್ಟಾಯಿತು. ಮೂಲ ವಿನ್ಯಾಸವೇ ನಗರದ ಕಟ್ಟಡ ನಿಯಮ ಕೇಳುವಷ್ಟು ಬಲದ್ದಾಗಿರಲಿಲ್ಲ ಎಂಬುದೂ ತನಿಖೆಯಲ್ಲಿ ಗೊತ್ತಾಯಿತು. ಬದಲಾವಣೆ ತೋರಿಸುವ ಶಾಪ್ ಡ್ರಾಯಿಂಗ್ (ತಯಾರಕರು ಕೆಲಸಕ್ಕೆ ಬಿಡಿಸಿಕೊಳ್ಳುವ ನಕ್ಷೆ) ಮೇಲೆ ಎಂಜಿನಿಯರರ ಪರಿಶೀಲನಾ ಮುದ್ರೆ ಇತ್ತು. ಆ ಜೋಡಣೆಯ ಲೆಕ್ಕವನ್ನು ಯಾರೂ ಮಾಡಿರಲಿಲ್ಲ. ಫೋನಿನಲ್ಲಿ ಒಪ್ಪಿಗೆ ಪಡೆದೆವು ಎಂದು ತಯಾರಕರು ಹೇಳಿದರೆ, ಎಂಜಿನಿಯರರು ಅದನ್ನು ಒಪ್ಪಲಿಲ್ಲ.

ಆದ್ದರಿಂದ ಕರೆ ಮುಗಿದ ಕೂಡಲೇ, ಸ್ಕ್ರೀನ್ ಹಂಚಿಕೊಂಡು ಮಾತಾಡುತ್ತಿದ್ದರೆ ಆ ಪರದೆ ಬದಲಾಗುವ ಮೊದಲೇ, ತೀರ್ಮಾನವನ್ನು ಆ ಟಿಪ್ಪಣಿಯ ಕೆಳಗೆ ಬರೆಯಿರಿ: ದಿನಾಂಕ, ಯಾರು ಯಾರು ಇದ್ದರು, ಏನು ಒಪ್ಪಿದರು. ಮುದ್ರೆ ಒತ್ತುವವರು ಭಾರ ಅಥವಾ ಫಿಟ್ (ಜೋಡಣೆಯ ಬಿಗಿ) ಬದಲಾಗುವ ಟಿಪ್ಪಣಿಗೆ ಬರೀ ‘ನೋಡಿದೆ’ ಎನ್ನಬಾರದು. ‘ಭುಜದ ಒತ್ತಡ ಮತ್ತೆ ಲೆಕ್ಕ ಹಾಕಿದೆ’ ಎಂದು ಏನನ್ನು ಪರೀಕ್ಷಿಸಿದರೋ ಅದನ್ನು ಬರೆಯಬೇಕು.

ಹೆಜ್ಜೆ 7: ಪಟ್ಟಿ ಇಟ್ಟು ಒಂದೊಂದನ್ನೂ ಮುಗಿಸಿ

ಒಂದು ಸ್ಪ್ರೆಡ್‌ಶೀಟ್ ಸಾಕು: ಸಂಖ್ಯೆ, ಜಾಗ, ವಿಷಯ, ಯಾರು ಉತ್ತರಿಸಬೇಕು, ಸ್ಥಿತಿ. ಸ್ಥಿತಿಗಳು ನಾಲ್ಕು: ತೆರೆದಿದೆ, ಒಪ್ಪಿದೆ, ತಿರಸ್ಕೃತ, ಮುಗಿದಿದೆ. ‘ಒಪ್ಪಿದೆ’ ಎಂದರೆ ಮುಗಿಯಿತು ಎಂದಲ್ಲ. ಕಂಪ್ಯೂಟರಿನ ಮೂರು ಆಯಾಮದ ಮಾದರಿಯೂ ಡ್ರಾಯಿಂಗೂ ಬದಲಾಗಿ, ಟಿಪ್ಪಣಿ ಬರೆದವರೇ ಹೊಸ ಹಾಳೆ ನೋಡಿ ಒಪ್ಪಿದ ಮೇಲಷ್ಟೇ ಅದು ಮುಗಿದದ್ದು. ತಿರಸ್ಕರಿಸಿದರೆ ಕಾರಣ ಬರೆಯಲೇಬೇಕು, ಇಲ್ಲವಾದರೆ ಅದೇ ಪ್ರಶ್ನೆ ಮುಂದಿನ ರಿವಿಷನ್‌ನಲ್ಲಿ ಇನ್ನೊಬ್ಬರಿಂದ ಬರುತ್ತದೆ.

ಪಿಡಿಎಫ್‌ನಲ್ಲಿ ಟಿಪ್ಪಣಿ ಪುಟದೊಳಗೆ ಬೆರೆಯುವುದಿಲ್ಲ, ಅದರ ಮೇಲಿನ ಬೇರೆ ಪದರದಂತೆ ಇರುತ್ತದೆ. ಪ್ರಿಂಟ್ ಕೊಡುವಾಗ ಟಿಪ್ಪಣಿ ಸಹಿತ ಎಂಬ ಆಯ್ಕೆ ಮಾಡದಿದ್ದರೆ ಕಾಗದದ ಮೇಲೆ ಅದು ಬರದೇ ಇರಬಹುದು, ಕೆಲವು ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವುದೂ ಇಲ್ಲ. ಶಾಪ್‌ಗೆ ಕಳುಹಿಸುವ ಪ್ರತಿಯನ್ನು ಫ್ಲ್ಯಾಟನ್ ಮಾಡಿ (ಟಿಪ್ಪಣಿಯನ್ನು ಪುಟದೊಳಗೇ ಬೆರೆಸಿ), ಬದಲಿಸಬಹುದಾದ ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಸಣ್ಣ ಅಂಕಿಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಮೂರು ಆಯಾಮದ ಮಾದರಿಯ ಮೇಲೆ ಬರೆಯುವುದಾದರೆ, ಬರೆದ ಕೋನದ ನೋಟವನ್ನೂ ಸೇವ್ ಮಾಡಿ. ಮೇಲ್ಮೈಗೆ ಅಂಟಿಸಿದ ಟಿಪ್ಪಣಿ ಆ ಮೇಲ್ಮೈ ಮರುರಚನೆಯಾದಾಗ ಅನಾಥವಾಗುತ್ತದೆ, ಆದ್ದರಿಂದ ಒಂದು ಚಿತ್ರವೂ ಜೊತೆಗಿರಲಿ.

ಹೆಜ್ಜೆ 8: ಹೊಸ ರಿವಿಷನ್ ಹೊರಡಿಸಿ, ಹಳೆಯದನ್ನು ವಾಪಸ್ ತರಿಸಿ

ರಿವಿಷನ್ ಸಿ ಹೊರಡುವಾಗ ಬದಲಾದ ಜಾಗದಲ್ಲಿ ತ್ರಿಕೋನದೊಳಗೆ ‘ಸಿ’, ರಿವಿಷನ್ ಪಟ್ಟಿಯಲ್ಲಿ ‘ಮ-07ರಂತೆ ಸ್ಪೇಸರ್ ಸೇರಿಸಿದೆ, ಭುಜ 4 ಮಿ.ಮೀ. ಸರಿಸಿದೆ’ ಎಂಬ ಸಾಲು. ಬಿ ರಿವಿಷನ್‌ನ ಮೋಡಗಳನ್ನು ತೆಗೆಯಿರಿ, ಹಾಳೆಯಲ್ಲಿ ಈ ಸಲದ ಮೋಡಗಳು ಮಾತ್ರ ಉಳಿಯಲಿ. ಬದಲಾವಣೆ ಎಷ್ಟನೆಯ ಸೀರಿಯಲ್ ಸಂಖ್ಯೆಯಿಂದ ಅನ್ವಯ ಎಂದೂ ಬರೆಯಿರಿ. ಬೆಳಗಾವಿಯಲ್ಲಿ ಹಳೆಯ ಪ್ಯಾಟರ್ನ್‌ನಿಂದ ಆಗಲೇ ಸುರಿದ ಹೌಸಿಂಗ್‌ಗಳು ಉಳಿದಿದ್ದರೆ ಅವನ್ನು ಬಳಸಬಹುದೋ ಇಲ್ಲವೋ ಎಂಬುದೂ ಆ ಸಾಲಿನಲ್ಲೇ ಇರಬೇಕು. ಪ್ಯಾಟರ್ನ್ ಮೇಲೂ ರಿವಿಷನ್ ಅಕ್ಷರ ಬರೆಸಿ.

ಕಳುಹಿಸುವ ಮೊದಲು ಬಿ ಮತ್ತು ಸಿ ಹಾಳೆಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಇಟ್ಟು ಹೋಲಿಸಿ, ಪಿಡಿಎಫ್ ಹೋಲಿಸುವ ಸೌಲಭ್ಯ ಅನೇಕ ತಂತ್ರಾಂಶಗಳಲ್ಲಿದೆ. ಮೋಡವಿಲ್ಲದ ಕಡೆ ಏನಾದರೂ ಬದಲಾಗಿದ್ದರೆ ಅದು ಯಾರೂ ಕೇಳದೆ ಆದ ಬದಲಾವಣೆ, ಹಾಳೆಯನ್ನು ಅಲ್ಲಿಗೇ ತಡೆಯಿರಿ. ಹೊಸ ಹಾಳೆ ಪೀಣ್ಯ ತಲುಪಿದ ದಿನ ಮಶೀನಿನ ಪಕ್ಕ ನೇತುಹಾಕಿದ, ಎಣ್ಣೆ ಕೈಗಳ ಗುರುತಿರುವ ಆ ಬಿ ಪ್ರಿಂಟನ್ನು ಕೇಳಿ ವಾಪಸ್ ಪಡೆಯಿರಿ. ಅದರ ಹಿಂಬದಿಯಲ್ಲಿ ಆಪರೇಟರ್ ಪೆನ್ಸಿಲಿನಲ್ಲಿ ಬರೆದುಕೊಂಡ ಲೆಕ್ಕವಿದ್ದರೆ ಓದಿ, ಉಪಯೋಗವಾಗುವಂಥದ್ದಿದ್ದರೆ ಮ-08 ಎಂದು ಪಟ್ಟಿಗೆ ಸೇರಿಸಿ.