ಸಾಸಿವೆ ಹಚ್ಚಿದ ಪೋರ್ಕ್ ಚಾಪ್: ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರಿಗೆ

ಕೊಡಗಿನವರಿಗಾಗಲಿ ಮಂಗಳೂರಿನ ಕ್ಯಾಥೊಲಿಕ್ ಮನೆಯವರಿಗಾಗಲಿ ಹಂದಿ ಮಾಂಸ ಹೊಸದಲ್ಲ. ಆದರೆ ಇಲ್ಲಿನ ಚಾಪ್ ಬೇರೆಯದೇ ಮಾಂಸ. ಕೊಡಗಿನ ಹಂದಿ ಸಾರು ಪಂದಿ ಕರಿಗೆ ನಾವು ಚರ್ಮ, ಕೊಬ್ಬು ಎಲ್ಲ ಸೇರಿಸಿ ಕತ್ತರಿಸುತ್ತೇವೆ, ನಿಧಾನವಾಗಿ ಬೇಯಿಸುತ್ತೇವೆ, ಕೊನೆಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕುತ್ತೇವೆ. ಅಲ್ಲಿ ಸ್ವಲ್ಪ ಜಾಸ್ತಿ ಬೆಂದರೂ ನಷ್ಟವಿಲ್ಲ. ಚಾಪ್ ಬೆನ್ನಿನ ಭಾಗದ್ದು, ಕೊಬ್ಬು ಕಡಿಮೆ. ಐದು ನಿಮಿಷ ಮರೆತರೆ ನಾರು ನಾರಾಗುತ್ತದೆ.

ಹಂದಿ ಚೆನ್ನಾಗಿ ಬೇಯಲೇಬೇಕು ಅಂತ ಮನೆಯಲ್ಲಿ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ, ಹುಳದ ಭಯ ನಿಜವಾದದ್ದೇ. ಇಲ್ಲಿನ ಕೃಷಿ ಇಲಾಖೆಯೂ ಹಿಂದೆ 160 ಡಿಗ್ರಿ ಫ್ಯಾರನ್‌ಹೀಟ್ ಎನ್ನುತ್ತಿತ್ತು. 2011ರಲ್ಲಿ ಇಡೀ ತುಂಡುಗಳಿಗೆ ಅದನ್ನು 145ಕ್ಕೆ ಇಳಿಸಿತು, ಅಂದರೆ ಸುಮಾರು 63 ಸೆಲ್ಸಿಯಸ್. ಬೆಂಕಿಯಿಂದ ತೆಗೆದ ಮೇಲೆ 3 ನಿಮಿಷ ಬಿಡಬೇಕು. ಕೊಚ್ಚಿದ ಮಾಂಸಕ್ಕೆ ಈಗಲೂ 160. ಆದ್ದರಿಂದ ಗ್ರಿಲ್ಲಿಗಿಂತ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ಅದನ್ನು ಚಾಪಿನ ಪಕ್ಕದಿಂದ ನಡುವಿಗೆ ಚುಚ್ಚಿ, ಎಲುಬಿಗೆ ತಾಗಿಸಬೇಡಿ. ಒಳಗೆ ತುಸು ಗುಲಾಬಿ ಬಣ್ಣ ಉಳಿದಿದ್ದರೆ ಹೆದರಬೇಡಿ.

ಎಲುಬಿರುವ, ಒಂದೂಕಾಲು ಇಂಚು ದಪ್ಪದ ಚಾಪ್ ಕೇಳಿ. ತೆಳ್ಳಗಿನದು ಹೊರಗೆ ಕೆಂಪಗಾಗುವಷ್ಟರಲ್ಲೇ ಒಳಗೆ ಒಣಗಿರುತ್ತದೆ. ಪೊಟ್ಟಣದ ಲೇಬಲ್ ಓದಿ. ಉಪ್ಪುನೀರು ಸೇರಿಸಿದ್ದೇವೆ ಎಂದು ಬರೆದಿದ್ದರೆ ನಿಮ್ಮ ಉಪ್ಪು ಕಡಿಮೆ ಮಾಡಿ. ನಾಲ್ಕು ಚಾಪಿಗೆ ಮೂರು ದೊಡ್ಡ ಚಮಚ ಡಿಜಾನ್ ಸಾಸಿವೆ (ಬಾಟಲಿಯಲ್ಲಿ ಸಿಗುವ ಸಾಸಿವೆ ಪೇಸ್ಟ್), ಎರಡು ಚಮಚ ಆಲಿವ್ ಎಣ್ಣೆ, ಒಂದು ಚಮಚ ವಿನೆಗರ್, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಸಣ್ಣಗೆ ಹೆಚ್ಚಿದ ರೋಸ್ಮೆರಿ ಮತ್ತು ಥೈಮ್ ಎಂಬ ಘಮದ ಸೊಪ್ಪುಗಳು, ಕರಿಮೆಣಸು, ಉಪ್ಪು. ಮೆಣಸು ಆಗಷ್ಟೇ ಕುಟ್ಟಿದ್ದಾಗಿರಲಿ. ಊರಿನ ತೋಟದ ಮೆಣಸು ಇದ್ದರೆ ಅದರ ಘಮವೇ ಬೇರೆ. ಎಲ್ಲ ಹಚ್ಚಿ ಫ್ರಿಜ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಸಾಕು.

ಗ್ರಿಲ್ಲಿನ ಒಂದು ಕಡೆ ಮಾತ್ರ ಕೆಂಡ ಜೋಡಿಸಿ. ಜಾಸ್ತಿ ಅಂಟಿದ ಸಾಸಿವೆ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಬಿಸಿ ಕಡೆ ಒಂದೊಂದು ಮಗ್ಗುಲಿಗೆ ಮೂರು ನಿಮಿಷ, ಆಮೇಲೆ ಕೆಂಡವಿಲ್ಲದ ಕಡೆಗೆ ಸರಿಸಿ ಮುಚ್ಚಳ ಹಾಕಿ, 145 ಬಂದ ತಕ್ಷಣ ತೆಗೆಯಿರಿ.

ಬಾಲ್ಕನಿಯಲ್ಲಿ ಗ್ರಿಲ್ ಹಚ್ಚಲು ಬಿಡುತ್ತಾರೋ ಇಲ್ಲವೋ, ಬಾಡಿಗೆ ಕರಾರು ನೋಡಿಕೊಳ್ಳಿ. ಬಿಡದಿದ್ದರೆ ಎಷ್ಟೋ ಪಾರ್ಕುಗಳಲ್ಲಿ ಗ್ರಿಲ್ ಇರುತ್ತದೆ.

ಗೆಳೆಯರಲ್ಲಿ ಸಸ್ಯಾಹಾರಿಗಳು, ಹಂದಿ ತಿನ್ನದವರು ಇದ್ದೇ ಇರುತ್ತಾರೆ. ಅವರ ಜೋಳ, ಪನೀರು ಮೊದಲು ಶುಚಿಯಾದ ಜಾಲರಿಯ ಮೇಲೆ ಸುಟ್ಟುಕೊಡಿ, ಇಕ್ಕಳ ಬೇರೆ ಇಡಿ. ಅವರು ಕೇಳುವವರೆಗೆ ಕಾಯಬೇಡಿ. ಪರದೇಶದಲ್ಲಿ ಕಷ್ಟಕ್ಕೆ ಬರುವವರು ಅವರೇ ಅಲ್ವಾ?

ಇಲ್ಲಿ ಹುಟ್ಟಿದ ಮಕ್ಕಳಿಗೆ ಬೇಸಿಗೆಯ ರಜೆ ಎಂದರೆ ಈ ಹೊಗೆಯ ವಾಸನೆ. ನನಗೆ ಅದು ಕೆಲವೊಮ್ಮೆ ನೋವು ತರುತ್ತದೆ. ಕಾಫಿ ತೋಟದ ಮಳೆ, ಒಲೆಯ ಮುಂದೆ ಸೇರುವ ಒಕ್ಕದವರು (ಮನೆತನದವರು), ಅಕ್ಕಿ ತರಿಯ ಉಂಡೆ ಕಡಂಬುಟ್ಟು ಕಟ್ಟುವ ಕೈಗಳು, ಇವೆಲ್ಲ ಅವರಿಗೆ ಮಾತಿನಲ್ಲಿ ಮಾತ್ರ ಗೊತ್ತು. ಆದರೆ ಚಾಪನ್ನು ದೂರ ಇಟ್ಟರೆ ಅದೇನೂ ಹತ್ತಿರ ಬರುವುದಿಲ್ಲ. ಎರಡನ್ನೂ ಕೊಡಿ. ಕೊಡಗಿನ ಆಯುಧಗಳ ಹಬ್ಬ ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಆರಂಭದಲ್ಲಿ, ಇಲ್ಲಿನ ಲೇಬರ್ ಡೇ ಆ ತಿಂಗಳ ಮೊದಲ ಸೋಮವಾರ. ಆ ರಜೆಗೆ ಹೊರಗೆ ಚಾಪ್ ಸುಡಿ, ಒಳಗೆ ಪಂದಿ ಕರಿ ಇಡಿ. ಕರಿಗೆ ಭುಜದ ಮಾಂಸದ ಜೊತೆ ಚರ್ಮವಿರುವ ಬೆಲ್ಲಿಯೂ (ಹೊಟ್ಟೆಯ ಭಾಗ) ಬೇಕು. ಮಾಮೂಲಿ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗದಿದ್ದರೆ ಚೀನೀ ಅಂಗಡಿಗೆ ಹೋಗಿ, ಕೇಳಿದ ಅಳತೆಗೆ ಕತ್ತರಿಸಿ ಕೊಡುತ್ತಾರೆ.