ಶ್ರೀಲಂಕಾದ ಕಾಡು ನೋಡೋಕೆ ಹೊರಟಿದ್ರೆ: ಯಾವ ತಿಂಗಳು ಎಲ್ಲಿಗೆ, ಹೋದ್ಮೇಲೆ ಹೇಗೆ

ಶ್ರೀಲಂಕಾ ಅಂದ್ರೆ ನಮ್ಮ ಕಡೆಯೋರು ಜಾಸ್ತಿ ಹೋಗೋದು ಕೊಲಂಬೊ, ಕ್ಯಾಂಡಿ, ಬೀಚು, ರಾಮಾಯಣದ ಜಾಗಗಳು ಅಂತ ಐದು ದಿನದ ಪ್ಯಾಕೇಜಲ್ಲಿ. ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಬೆಂಗಳೂರಿಂದ ನೇರ ಫ್ಲೈಟ್ ಹತ್ತಿದ್ರೆ ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಸಿಗೋ ಆ ದ್ವೀಪದಲ್ಲಿ ನೋಡ್ಲೇಬೇಕಾದ್ದು ಅಲ್ಲಿನ ಕಾಡು ಅನ್ನೋದು ನನ್ನ ಅಭಿಪ್ರಾಯ. ವಿಜ್ಞಾನಿಗಳು ನಮ್ಮ ಪಶ್ಚಿಮ ಘಟ್ಟ ಮತ್ತೆ ಶ್ರೀಲಂಕಾ ಎರಡನ್ನೂ ಸೇರ್ಸಿ ಒಂದೇ ಜೀವವೈವಿಧ್ಯದ ಹಾಟ್‌ಸ್ಪಾಟ್ ಅಂತ ಲೆಕ್ಕ ಹಾಕ್ತಾರೆ, ಹಾಗಾಗಿ ಆಗುಂಬೆ, ಕುದುರೆಮುಖ ಸುತ್ತಿರೋರಿಗೆ ಮರ ಗಿಡ ಎಷ್ಟೋ ಪರಿಚಯದ್ದೇ ಅನ್ಸುತ್ತೆ, ಆದ್ರೆ ಹಕ್ಕಿ, ಕಪ್ಪೆ, ಓತಿಕ್ಯಾತಗಳಲ್ಲಿ ಅಲ್ಲಿ ಬಿಟ್ರೆ ಜಗತ್ತಲ್ಲಿ ಇನ್ನೆಲ್ಲೂ ಸಿಗದೇ ಇರೋವು ತುಂಬಾ ಇವೆ.

ಒಂದು ವಾರ ರಜೆ ಇದ್ರೆ ಎರಡೇ ಕಾಡು ಇಟ್ಕೊಳ್ಳಿ. ಟ್ರಾವೆಲ್ಸ್ ಅವ್ರು ಆರು ಜಾಗ ಬರೆದುಕೊಡ್ತಾರೆ, ಅದನ್ನ ನಂಬಿ ಹೋದ್ರೆ ಅರ್ಧ ಟ್ರಿಪ್ ವ್ಯಾನಲ್ಲೇ ಕಳೆಯುತ್ತೆ, ಯಾಕಂದ್ರೆ ದೇಶ ಮ್ಯಾಪಲ್ಲಿ ಚಿಕ್ಕದಾಗಿ ಕಂಡ್ರೂ ರಸ್ತೆ ನಿಧಾನ, ಬೆಟ್ಟದ ಕಡೆಯಂತೂ ನೂರು ಕಿಲೋಮೀಟರಿಗೆ ಮೂರ್ನಾಲ್ಕು ಗಂಟೆ ಬೇಕು. ಒಂದೇ ಕಾಡಿನ ಪಕ್ಕದಲ್ಲಿ ಎರಡು ಮೂರು ರಾತ್ರಿ ಉಳಿದ್ರೆ ಬೆಳಗ್ಗೆ ಒಂಥರ, ಸಂಜೆ ಒಂಥರ ಕಾಣುತ್ತೆ, ಕೊಟ್ಟ ದುಡ್ಡೂ ಆ ಊರಿನೋರ ಕೈ ಸೇರುತ್ತೆ.

ಯಾವ ಎರಡು ಅನ್ನೋದನ್ನ ಮಳೆ ನೋಡ್ಕೊಂಡು ತೀರ್ಮಾನ ಮಾಡಿ. ಅಲ್ಲಿ ಎರಡು ಮಾನ್ಸೂನು, ಮೇನಿಂದ ಸೆಪ್ಟೆಂಬರ್ ತನಕ ನೈಋತ್ಯ ಮಳೆ ದಕ್ಷಿಣ-ಪಶ್ಚಿಮದ ಕರಾವಳಿಗೂ ಬೆಟ್ಟಗಳಿಗೂ ಹೊಡೆಯುತ್ತೆ, ಡಿಸೆಂಬರಿಂದ ಫೆಬ್ರವರಿ ತನಕ ಈಶಾನ್ಯ ಮಳೆ ಉತ್ತರ ಮತ್ತೆ ಪೂರ್ವಕ್ಕೆ, ಮಧ್ಯೆ ಅಕ್ಟೋಬರ್ ನವೆಂಬರಲ್ಲಿ ಎಲ್ಲಿ ಬೇಕಾದ್ರೂ ಸುರೀಬಹುದು. ಹೀಗಾಗಿ ವರ್ಷದಲ್ಲಿ ಹೆಚ್ಚಿನ ಸಮಯ ದ್ವೀಪದ ಯಾವುದಾದ್ರೂ ಒಂದು ಮಗ್ಗುಲು ಒಣಗಿರುತ್ತೆ, ನೀವು ಆ ಮಗ್ಗುಲಿಗೆ ಹೋಗ್ಬೇಕು ಅಷ್ಟೇ.

ಆಗಸ್ಟ್ ಲಾಂಗ್ ವೀಕೆಂಡೋ ಸೆಪ್ಟೆಂಬರೋ ಆದ್ರೆ ಮಿನ್ನೇರಿಯಾ ಕಡೆ. ಮಹಾಸೇನ ರಾಜ 3ನೇ ಶತಮಾನದಲ್ಲಿ ಕಟ್ಸಿದ ದೊಡ್ಡ ಕೆರೆ ಅದು, ಆ ಕಡೆ ಮಳೆ ಇಲ್ಲದ ಈ ತಿಂಗಳುಗಳಲ್ಲಿ ನೀರು ಹಿಂದೆ ಸರಿದಾಗ ಕೆರೆಯಂಗಳದಲ್ಲಿ ಹಸಿ ಹುಲ್ಲು ಚಿಗುರುತ್ತೆ, ಸುತ್ತಲಿನ ಕಾಡಿನ ಆನೆಗಳೆಲ್ಲ ಹಿಂಡು ಹಿಂಡಾಗಿ ಅಲ್ಲಿಗೆ ಇಳೀತಾವೆ. ನಮ್ಮ ಕಬಿನಿ ಹಿನ್ನೀರಲ್ಲಿ ಏಪ್ರಿಲ್ ಹೊತ್ತಿಗೆ ಆಗೋದೂ ಇದೇ. ಆದ್ರೆ ಒಂದು ವಿಷಯ, ಮೊರಗಹಕಂದ ಜಲಾಶಯದ ನೀರು ಈ ಕೆರೆಗೆ ಬರೋಕೆ ಶುರುವಾದ ಮೇಲೆ ಕೆಲವು ವರ್ಷ ನೀರು ಇಳಿಯೋದೇ ಇಲ್ಲ, ಹುಲ್ಲು ಮುಳುಗಿದ್ರೆ ಆನೆಗಳು ಕೌಡುಲ್ಲಾಗೋ ಹುರುಲು ಇಕೋ ಪಾರ್ಕಿಗೋ ಹೋಗಿಬಿಡ್ತವೆ. ಅದಕ್ಕೆ ಯಾವ ಪಾರ್ಕು ಅಂತ ಬೆಂಗಳೂರಲ್ಲೇ ಕೂತು ಬುಕ್ ಮಾಡ್ಬೇಡಿ, ಹತ್ತಿರದ ಹಬರಣ ಊರಲ್ಲಿ ರೂಮ್ ಮಾಡಿ, ಇವತ್ತು ಆನೆ ಎಲ್ಲಿವೆ ಅಂತ ಅವತ್ತೇ ಜೀಪಿನೋರನ್ನ ಕೇಳಿ, ಮಧ್ಯಾಹ್ನದ ಸಫಾರಿಗೆ ಹೊರಡಿ.

ಮಕ್ಕಳ ಬೇಸಿಗೆ ರಜೆ ಅಂದ್ರೆ ಏಪ್ರಿಲ್, ಆಗ ಯಾಲ ನ್ಯಾಷನಲ್ ಪಾರ್ಕಿಗೆ ಹೋಗಿ ಅಂತ ಎಲ್ರೂ ಹೇಳ್ತಾರೆ. ಶ್ರೀಲಂಕಾದಲ್ಲಿ ಹುಲಿ ಇಲ್ಲ, ಚಿರತೆಗೆ ಮೇಲೆ ಯಾರೂ ಇಲ್ಲ, ಅದಕ್ಕೇ ನಮ್ಮ ಕಡೆಯ ಹಾಗೆ ಅವಿತುಕೊಳ್ಳದೆ ಹಗಲಲ್ಲೇ ಬಂಡೆ ಮೇಲೆ ಮಲಗಿರೋದು ಕಾಣಸಿಗುತ್ತೆ. ಆದ್ರೆ ಯಾಲದ ಒಂದನೇ ಬ್ಲಾಕಲ್ಲಿ ಒಂದು ಚಿರತೆ ಕಂಡ್ರೆ ಸಾಕು, ಫೋನಲ್ಲಿ ಸುದ್ದಿ ಹೋಗಿ ಹತ್ತಾರು ಜೀಪು ಧೂಳೆಬ್ಬಿಸ್ಕೊಂಡು ಬಂದು ಅದರ ದಾರಿನೇ ಕಟ್ಟಿಹಾಕ್ತವೆ, ಅದನ್ನ ನೋಡೋಕೆ ನಂಗಂತೂ ಹೊಟ್ಟೆ ಉರಿಯುತ್ತೆ. ನಾನು ಹೇಳೋದು ವಿಲ್ಪತ್ತುಗೆ ಹೋಗಿ ಅಂತ, ಯುದ್ಧದಿಂದ ಮುಚ್ಚಿದ್ದು 2010ರಲ್ಲಿ ಮತ್ತೆ ತೆರೀತು, ದೇಶದ ಅತಿ ದೊಡ್ಡ ನ್ಯಾಷನಲ್ ಪಾರ್ಕು, ಕಾಡಿನ ಮಧ್ಯೆ ಮಳೆನೀರು ತುಂಬೋ ವಿಲ್ಲು ಅನ್ನೋ ತಗ್ಗುಗಳಿವೆ, ಅದರ ದಂಡೇಲಿ ಕಾಯ್ದು ಕೂತ್ರೆ ಏನಾದ್ರೂ ಬಂದೇ ಬರುತ್ತೆ. ಜೂನ್ ಆಸುಪಾಸಲ್ಲಿ ಪಾಲು ಅನ್ನೋ ಮರ ಹಣ್ಣು ಬಿಟ್ಟಾಗ ಕರಡಿಗಳು ಮರ ಹತ್ತಿ ತಿಂತಾ ಕೂರ್ತವೆ. ಯಾವ ಪಾರ್ಕಾದ್ರೂ ಸರಿ, ಹೊರಡೋ ಮುಂಚೆನೇ ಡ್ರೈವರಿಗೆ ಹೇಳಿಬಿಡಿ, ಅಣ್ಣ ಚಿರತೆ ಸಿಗದೇ ಇದ್ರೂ ಟಿಪ್ಸ್ ಕೊಡ್ತೀವಿ, ಓಡಿಸ್ಬೇಡಿ, ಜೀಪು ಗುಂಪಾಗಿದ್ರೆ ಅಲ್ಲಿ ನಿಲ್ಲಿಸ್ಬೇಡಿ. ಗಿರಾಕಿ ಬೈತಾರೆ ಅನ್ನೋ ಭಯಕ್ಕೆ ಅವ್ರು ಓಡ್ಸೋದು, ಆ ಭಯ ನೀವು ತೆಗೆದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಇನ್ನು ನಂಗೆ ಎಲ್ಲಕ್ಕಿಂತ ಇಷ್ಟದ್ದು ಸಿಂಹರಾಜ ಅನ್ನೋ ಮಳೆಕಾಡು. ಜನವರಿಯಿಂದ ಏಪ್ರಿಲ್ ಮೊದಲ ವಾರದೊಳಗೆ ಹೋಗಿ. 1970ರ ದಶಕದಲ್ಲಿ ಪ್ಲೈವುಡ್‌ಗೋಸ್ಕರ ಸರ್ಕಾರನೇ ಈ ಕಾಡಲ್ಲಿ ಮರ ಕಡಿಯೋಕೆ ಮಷೀನು ಇಳ್ಸಿತ್ತು, ಜನ ಜೋರಾಗಿ ವಿರೋಧ ಮಾಡಿ 1977ರಲ್ಲಿ ನಿಲ್ಸಿದ್ರು, 1988ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಒಳಗೆ ಜೀಪ್ ಸಫಾರಿ ಅನ್ನೋ ಲೆಕ್ಕ ಇಲ್ಲ, ನಡೀಬೇಕು, ಗೈಡ್ ಜೊತೆಗೇ ಹೋಗ್ಬೇಕು. ಕುಡವ ಕಡೆಯಿಂದ ಹೋದ್ರೆ ಹಕ್ಕಿ ನೋಡೋರಿಗೆ ಒಳ್ಳೇದು, ಗಾಲ್, ಮಾತರ ಕಡೆಯಿಂದ ಬರೋರಿಗೆ ದೆನಿಯಾಯ ಕಡೆಯ ದಾರಿ ಹತ್ರ ಆಗುತ್ತೆ.

ಇಲ್ಲಿ ಗೈಡ್ ನಿಂತ್ಕೊಳ್ಳಿ ಅಂದ್ರೆ ಸುಮ್ನೆ ನಿಂತ್ಕೊಳ್ಳಿ. ಹತ್ತು ನಿಮಿಷ ಎಲೆಯಿಂದ ನೀರು ತೊಟ್ಟಿಕ್ಕೋದು ಬಿಟ್ರೆ ಏನೂ ಕೇಳಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಪೊದೆಯಿಂದ ಹರಟೆಮಲ್ಲಗಳ ಗಲಾಟೆ ಶುರುವಾಗುತ್ತೆ, ಹಿಂದೆನೇ ಕಾಜಾಣ ಕೂಗುತ್ತೆ, ಕೆಳಗಿನ ಪೊದೆಯಿಂದ ಮರದ ತುದಿ ತನಕ ಹತ್ತಾರು ಹಕ್ಕಿ, ಬೇರೆ ಬೇರೆ ಜಾತಿಯವು, ಒಟ್ಟಿಗೆ ಹುಳ ಹುಡುಕ್ಕೊಂಡು ಸಾಗ್ತವೆ. ಅದ್ರಲ್ಲಿ ಕೆಂಪು ಮುಖದ ಮಲ್ಕೋಹ, ನೀಲಿ ಮ್ಯಾಗ್‌ಪೈ ತರದ ಅಲ್ಲಿಯವೇ ಹಕ್ಕಿಗಳೂ ಇರ್ತವೆ, ನಮ್ಮ ಘಟ್ಟದ ಕಾಕರಣೆ ಹಕ್ಕಿನೂ (ಮಲಬಾರ್ ಟ್ರೋಗನ್) ಇರುತ್ತೆ, ಐದೇ ನಿಮಿಷ, ದಾಟಿ ಹೋಗಿಬಿಡುತ್ತೆ. 1995ರಲ್ಲಿ ಕಿತುಲ್ಗಲ ಕಾಡಲ್ಲಿ ಬರೀ ದನಿ ಕೇಳಿಸಿದ್ದ ಒಂದು ಪುಟ್ಟ ಗೂಬೆನ ಪಕ್ಷಿತಜ್ಞ ದೀಪಲ್ ವಾರಕಗೊಡ 2001ರಲ್ಲಿ ಕಣ್ಣಾರೆ ನೋಡಿದ್ದು ಇದೇ ಸಿಂಹರಾಜದಲ್ಲಿ, ಅಷ್ಟು ವರ್ಷ ವಿಜ್ಞಾನಕ್ಕೆ ಗೊತ್ತೇ ಇಲ್ಲದ ಜಾತಿ ಅದು. ಹಕ್ಕಿ ಕರೆಯೋಕೆ ಮೊಬೈಲಲ್ಲಿ ಕೂಗು ಹಾಕೋ ಅಭ್ಯಾಸ ಇದ್ರೆ ದಯವಿಟ್ಟು ಬಿಟ್ಬಿಡಿ.

ಉಂಬಳ ವಿಪರೀತ. ಲೀಚ್ ಸಾಕ್ಸ್ ಇಲ್ಲಿಂದಲೇ ತಗೊಂಡು ಹೋಗಿ, ಅಲ್ಲಿನೋರು ಕಾಲಿಗೆ ಸಿದ್ಧಾಲೇಪ ಅನ್ನೋ ಬಾಮು ಹಚ್ತಾರೆ, ಮಲೆನಾಡಿನೋರ ಹಾಗೆ ಸುಣ್ಣ ಹೊಗೆಸೊಪ್ಪು ಹಚ್ಚಿದ್ರೂ ನಡೆಯುತ್ತೆ. ಉಳ್ಕೊಳ್ಳೋಕೆ ಊರೊಳಗಿನ ಮನೆಗಳೇ ಚೆನ್ನ. ಬೆಳಗ್ಗೆ ಒಂದೆಲಗದ ಗಂಜಿ ಕೊಡ್ತಾರೆ, ಮಧ್ಯಾಹ್ನ ಅನ್ನದ ಜೊತೆ ನಾಲ್ಕೈದು ಪಲ್ಯ, ಊಟ ಆದ್ಮೇಲೆ ಮಣ್ಣಿನ ಕುಡಿಕೇಲಿ ಹೆಪ್ಪಾದ ಎಮ್ಮೆ ಮೊಸರು, ಮೇಲೆ ಬಗನಿ ಮರದ ಜೋನಿಬೆಲ್ಲ. ಆ ಬೆಲ್ಲನ ಕಾಡಂಚಿನೋರು ಮರ ಹತ್ತಿ ಹೊಂಬಾಳೆ ಕೊಯ್ದು ರಸ ಇಳ್ಸಿ ಮಾಡ್ತಾರೆ, ಒಂದು ಬಾಟಲಿ ಅವರ ಹತ್ರನೇ ಕೊಂಡ್ಕೊಳ್ಳಿ. ಸಸ್ಯಾಹಾರಿಗಳು ಮಾತ್ರ ಮುಂಚೆನೇ ಬಿಡಿಸಿ ಹೇಳಿ, ಕಾಯಿ ಸಂಬೋಲ್ ಅನ್ನೋ ಚಟ್ನಿ, ಪಲ್ಯ ಇಂಥದ್ರಲ್ಲೂ ಎಷ್ಟೋ ಸಲ ಒಣಮೀನಿನ ಪುಡಿ ಇರುತ್ತೆ, ಅದನ್ನ ಅಲ್ಲಿ ಎಷ್ಟೋ ಜನ ನಾನ್‌ವೆಜ್ ಅಂತ ಎಣಿಸೋದೇ ಇಲ್ಲ.

ಬೆಟ್ಟದ ಮೇಲಿನ ಹುಲ್ಲುಗಾವಲಿನ ಪಾರ್ಕು ನೋಡ್ಬೇಕು ಅಂದ್ರೆ ಹಾರ್ಟನ್ ಪ್ಲೇನ್ಸಿಗೆ ನುವಾರ ಎಲಿಯದಿಂದ ಕತ್ತಲಲ್ಲೇ ಹೊರಡಿ, 6 ಗಂಟೆಗೆ ಗೇಟಲ್ಲಿರಿ, 9 ದಾಟಿದ್ರೆ ವರ್ಲ್ಡ್ಸ್ ಎಂಡ್ ಪ್ರಪಾತ ಸಾಮಾನ್ಯವಾಗಿ ಮಂಜಲ್ಲಿ ಮುಚ್ಚಿಹೋಗುತ್ತೆ. ಸುಮಾರು 9 ಕಿಲೋಮೀಟರ್ ನಡಿಗೆ, ಸ್ವೆಟರ್ ಬೇಕೇ ಬೇಕು. ಗೇಟಲ್ಲಿ ಬ್ಯಾಗ್ ಚೆಕ್ ಮಾಡಿ ಪ್ಲಾಸ್ಟಿಕ್ ಕವರ್ ಎಲ್ಲ ತೆಗೆಸ್ತಾರೆ, ತಿಂಡಿನ ಮೊದಲೇ ಸ್ಟೀಲ್ ಡಬ್ಬಿಗೆ ಹಾಕ್ಕೊಂಡು ಹೋದ್ರೆ ರಗಳೆ ಇಲ್ಲ.

ಆನೆ ವಿಷಯ ಸ್ವಲ್ಪ ಖಡಕ್ಕಾಗೇ ಹೇಳ್ತೀನಿ. ಸವಾರಿ ಬೇಡ, ಸ್ನಾನ ಮಾಡ್ಸೋದು ಬೇಡ, ಸರಪಳಿ ಕಟ್ಟಿದ ಮರಿಗೆ ಬಾಟಲಿ ಹಾಲು ಕುಡಿಸಿ ಫೋಟೋ ತಗೊಳ್ಳೋದು ಬೇಡ. ಮಕ್ಕಳಿಗೆ ಮರಿ ತೋರಿಸ್ಬೇಕು ಅಂದ್ರೆ ಉಡವಲವೆಯ ಎಲಿಫೆಂಟ್ ಟ್ರಾನ್ಸಿಟ್ ಹೋಮ್‌ಗೆ ಕರ್ಕೊಂಡು ಹೋಗಿ, 1995ರಲ್ಲಿ ಶುರುವಾದ್ದು, ಹಾಲು ಕುಡಿಸೋದನ್ನ ದೂರದಿಂದ ನೋಡ್ಬಹುದು, ಮುಟ್ಟೋ ಹಾಗಿಲ್ಲ, ಬೆಳೆದ ಮೇಲೆ ಮರಿಗಳನ್ನ ವಾಪಸ್ ಕಾಡಿಗೇ ಬಿಡ್ತಾರೆ. ಅಲ್ಲೇ ಇರೋ ಉಡವಲವೆ ನ್ಯಾಷನಲ್ ಪಾರ್ಕಿನ ರೋಡ್ ಪಕ್ಕ ಬೇಲಿ ಹತ್ರ ಆನೆಗಳು ಬಂದು ನಿಂತಿರ್ತವೆ, ಹಣ್ಣು ಕೊಡ್ಬೇಡಿ, ರೋಡಿಗೆ ಬರೋ ಚಟ ಹತ್ತಿದ ಆನೆಗೆ ಆಮೇಲೆ ಉಳಿಗಾಲ ಇಲ್ಲ.

ಸಮುದ್ರದ ಕಡೆ ಹೋದ್ರೂ ಇದೇ ಲೆಕ್ಕ. ಮಿರಿಸ್ಸದಲ್ಲಿ ನವೆಂಬರಿಂದ ಏಪ್ರಿಲ್ ನೀಲಿ ತಿಮಿಂಗಿಲ ಕಾಣುತ್ತೆ, ಕನಿಷ್ಠ ನೂರು ಮೀಟರ್ ದೂರ ಇಡ್ತೀರಾ ಅಂತ ಬೋಟಿನೋರನ್ನ ಕೇಳಿ, ಆಮೇಲೆ ದುಡ್ಡು ಕೊಡಿ. ಆಮೆ ನೋಡೋಕೆ ತಂಗಲ್ಲೆ ಹತ್ರದ ರೆಕವ ಬೀಚಿಗೆ ರಾತ್ರಿ ಹೋಗಿ, ಅಲ್ಲಿ ಹಿಂದೆ ಮೊಟ್ಟೆ ಕಿತ್ತು ಮಾರ್ತಿದ್ದ ಊರಿನೋರೇ ಕಾವಲಿಗೆ ನಿಂತು ಗೂಡು ಕಾಪಾಡಿದ್ದಾರೆ. ಟಾರ್ಚು ಫ್ಲಾಶು ಹಾಕ್ಬೇಡಿ. ತೊಟ್ಟೀಲಿ ಮರಿ ಇಟ್ಕೊಂಡು ಕೈಗೆ ಕೊಡೋ ಜಾಗಗಳಿಗೆ ಹೋಗ್ಲೇಬೇಡಿ.

ಹೊರಡೋ ಮುಂಚೆ ಇಟಿಎ ಅನ್ನೋ ಆನ್‌ಲೈನ್ ಪ್ರವೇಶ ಅನುಮತಿನ ಅಲ್ಲಿನ ಸರ್ಕಾರದ ಸೈಟಲ್ಲೇ ಮಾಡ್ಸಿ, ನಿಯಮ ಆಗಾಗ ಬದಲಾಗುತ್ತೆ. ಪಾಸ್‌ಪೋರ್ಟ್ ಯಾವಾಗ್ಲೂ ಜೊತೆಗಿರ್ಲಿ, ನಮ್ಮ ದೇಶವೂ ಸೇರಿರೋ ಸಾರ್ಕ್ ದೇಶದೋರಿಗೆ ಕಮ್ಮಿ ಟಿಕೆಟ್ ಇದೆಯಾ ಅಂತ ಪ್ರತಿ ಕೌಂಟರಲ್ಲೂ ಕೇಳಿ. ಯಾಲದ ಒಂದನೇ ಬ್ಲಾಕ್ ಸಾಮಾನ್ಯವಾಗಿ ಸೆಪ್ಟೆಂಬರಲ್ಲಿ ಮುಚ್ಚಿರುತ್ತೆ. ಏಪ್ರಿಲ್ 13, 14 ಅಲ್ಲಿ ಹೊಸ ವರ್ಷ, ಅಂಗಡಿ ಹೋಟೆಲು ಬಂದ್, ಬಸ್ಸೆಲ್ಲ ಫುಲ್. ಪ್ರತಿ ಹುಣ್ಣಿಮೆನೂ ಪೋಯ ಅಂತ ಸರ್ಕಾರಿ ರಜೆ, ಪಾರ್ಕುಗಳಲ್ಲಿ ಜನಜಾತ್ರೆ, ಆದಷ್ಟು ಸಫಾರಿ ದಿನನ ಅದಕ್ಕೆ ಹಿಂದೆ ಮುಂದೆ ಹಾಕ್ಕೊಳ್ಳಿ. ಗೈಡಿಗೆ, ಮನೆಯೋರಿಗೆ ಕೊಡೋಕೆ ಅಲ್ಲಿನ ರೂಪಾಯಿ ಕ್ಯಾಶಲ್ಲೇ ಇಟ್ಕೊಳ್ಳಿ, ಕುಡವ ಕಡೆ ಹೋಗೋದಾದ್ರೆ ಏಟಿಎಂ ಕೆಲಸನ ಮುಂಚಿನ ಪೇಟೆಯಲ್ಲೇ ಮುಗಿಸ್ಕೊಂಡು ಹೋಗಿ.