ಎರಡಕ್ಷರದಿಂದ ಶುರು: ಬಸ್ಸಿನಲ್ಲಿ ಕುಳಿತು ಸ್ಕ್ರ್ಯಾಬಲ್ ಕಲಿತ ನನ್ನ ಅನುಭವ

ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟಿ ಅಂಕ ಗಳಿಸುವ ಸ್ಕ್ರ್ಯಾಬಲ್ ಆಡಬೇಕಾದರೆ ಇಂಗ್ಲಿಷ್ ಅರೆದು ಕುಡಿದಿರಬೇಕು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಉಂಟು. ಕಾನ್ವೆಂಟಿನಲ್ಲಿ ಓದಿದವರ ಆಟ, ನಮಗಲ್ಲ ಎಂದು ದೂರ ಕೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹತ್ತನೆಯ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈ ಆಟವನ್ನು ನಿಂಟೆಂಡೊ ಡಿಎಸ್ ಲೈಟ್ ಎಂಬ ಅಂಗೈಯಗಲದ ಗೇಮ್ ಮಷೀನಿನಲ್ಲಿ ಕಲಿತೆ, ಅದೂ ಹೆಚ್ಚಿನದು ಕಟಪಾಡಿಯಿಂದ ಮಂಗಳೂರಿಗೆ ಓಡುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ಈಗ ಮಷೀನಿನ ಅತಿ ಕಷ್ಟದ ಮಟ್ಟದಲ್ಲೂ ಅದಕ್ಕೆ ಸರಿಸಮ ನಿಂತು ಆಡುತ್ತೇನೆ. ನನ್ನ ಇಂಗ್ಲಿಷ್ ಇದರಿಂದ ಅಷ್ಟೇನೂ ಬೆಳೆಯಲಿಲ್ಲ. ಬೆಳೆದದ್ದು ಲೆಕ್ಕ ಮತ್ತು ಬೋರ್ಡು ನೋಡುವ ಕಣ್ಣು.

ಇದು ನನ್ನೊಬ್ಬಳ ಮಾತಲ್ಲ. ಥಾಯ್ಲೆಂಡಿನ ಪಾನುಪೋಲ್ ಸುಜ್ಜಯಾಕೋರ್ನ್ 2003ರಲ್ಲಿ, ಪಾಕೋರ್ನ್ ನೆಮಿತ್ರ್‌ಮಾನ್‌ಸುಕ್ 2009ರಲ್ಲಿ ಇಂಗ್ಲಿಷ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಇಬ್ಬರಿಗೂ ಇಂಗ್ಲಿಷ್ ಮನೆಮಾತಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಅಂತೂ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದವರು. ಪದದ ಅರ್ಥ ಗೊತ್ತಿರಬೇಕೆಂದು ಈ ಆಟದ ನಿಯಮದಲ್ಲಿ ಎಲ್ಲೂ ಇಲ್ಲ. ಆಟಕ್ಕೆ ಒಪ್ಪಿದ ಪದಗಳ ಪಟ್ಟಿಯಲ್ಲಿ ಅದು ಇದ್ದರೆ ಆಯಿತು.

ಮಷೀನು ನನ್ನ ಕೈಗೆ ಬಂದದ್ದು ದುಬೈಯಲ್ಲಿರುವ ಅಣ್ಣನ ಮಗನಿಂದ. ಅವನಿಗೆ ಹೊಸತು ಸಿಕ್ಕಿದ ಮೇಲೆ ಹಳೆಯದನ್ನು ರಜೆಗೆ ಬರುವಾಗ ತಂದಿದ್ದ. “ಅತ್ತೆ, ಇದರಲ್ಲಿ ಕಾರು, ಗುದ್ದಾಟ ಎಲ್ಲ ನಿಮಗೆ ಆಗ್ಲಿಕ್ಕಿಲ್ಲ. ಆದ್ರೆ ಈ ಒಂದು ಆಟ ಆಡಿ ನೋಡಿ, ಬಸ್ಸಲ್ಲಿ ಟೈಂ ಹೋಗ್ತದೆ” ಎಂದು ಸ್ಕ್ರ್ಯಾಬಲ್‌ನ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪುಟ್ಟ ಕಾರ್ಡು, ಹಾಕಿಯೇ ಕೊಟ್ಟ. ಆಫೀಸು ಹಂಪನಕಟ್ಟೆಯಲ್ಲಿ, ಮನೆ ಕಟಪಾಡಿಯಲ್ಲಿ. ಸಮಯಕ್ಕೆ ನನಗೆ ಕೊರತೆ ಇರಲಿಲ್ಲ.

ಮೊದಲು ಪರದೆಯ ವಿಷಯ ಹೇಳಬೇಕು, ಏಕೆಂದರೆ ಹಲವರು ಅಲ್ಲೇ ಸೋತು ಮಷೀನು ಮುಚ್ಚಿಡುತ್ತಾರೆ. ಬೋರ್ಡಿನಲ್ಲಿ ಅಡ್ಡಕ್ಕೆ 15, ಉದ್ದಕ್ಕೆ 15, ಒಟ್ಟು 225 ಮನೆ. ಡಿಎಸ್‌ನ ಪ್ರತಿ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿ. ಇಡೀ ಬೋರ್ಡನ್ನು ಒಂದೇ ಪರದೆಗೆ ಹಿಡಿಸಿದರೆ ಒಂದು ಮನೆಗೆ ಸಿಗುವುದು ಹನ್ನೆರಡು ಹದಿಮೂರು ಚುಕ್ಕಿ, ಅಂದರೆ ಸುಮಾರು ಮೂರು ಮಿಲಿಮೀಟರ್. ಮೂಲ್ಕಿ ದಾಟಿ ಬಸ್ಸು ಕುಲುಕಿದಾಗ ಮೂರು ಮಿಲಿಮೀಟರಿನ ಮನೆಗೆ ಸ್ಟೈಲಸ್ ಕಡ್ಡಿಯಿಂದ ಗುರಿ ಇಡುವುದು ಆಗುವ ಮಾತಲ್ಲ. ಹಾಗಾಗಿ ನಾನು ಎರಡು ಹಂತ ಮಾಡಿಕೊಂಡೆ. ಇಡೀ ಬೋರ್ಡು ಕಾಣುವ ನೋಟದಲ್ಲಿ ಬರೀ ಯೋಚನೆ, ಕಡ್ಡಿ ಮುಟ್ಟುವುದೇ ಇಲ್ಲ. ಪದ ತೀರ್ಮಾನವಾದ ಮೇಲೆ ಆ ಜಾಗವನ್ನು ದೊಡ್ಡದು ಮಾಡಿ ಬಿಲ್ಲೆಗಳನ್ನು ಇಡುವುದು. ನಿಲ್ದಾಣದಲ್ಲಿ ಬಸ್ಸು ನಿಂತಾಗ ಇಟ್ಟರೆ ಇನ್ನೂ ಒಳ್ಳೆಯದು. ಟಿಕೆಟಿಗೆ ಕಂಡಕ್ಟರ್ ಬಂದರೆ ಮುಚ್ಚಳ ಮಡಚಿದರೆ ಸಾಕು, ಮಷೀನು ನಿದ್ದೆಗೆ ಹೋಗುತ್ತದೆ. ತೆರೆದರೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಬೆಳಕು ಕಡಿಮೆ ಇಟ್ಟಷ್ಟು ಬ್ಯಾಟರಿ ಹೆಚ್ಚು ಬಾಳುತ್ತದೆ. ಮಳೆಗಾಲದಲ್ಲಿ ಕಿಟಕಿಯ ಶಟರ್ ಎಳೆದು ಬಸ್ಸಿನೊಳಗೆ ಕತ್ತಲೆಯಾದಾಗ ಅತಿ ಕಡಿಮೆ ಬೆಳಕೇ ಧಾರಾಳ.

ಹಳೆಯ ಡಿಎಸ್ ಲೈಟ್ ತರಿಸುವವರಿಗೆ ಒಂದು ಎಚ್ಚರಿಕೆ. ಅಮೆರಿಕದಿಂದ ಬಂದದ್ದಾದರೆ ಅದರ ಚಾರ್ಜರ್ 120 ವೋಲ್ಟಿನದು. ನಮ್ಮ ಗೋಡೆಯ 230 ವೋಲ್ಟಿಗೆ ನೇರ ಸಿಕ್ಕಿಸಬೇಡಿ, ಯುಎಸ್‌ಬಿ ಚಾರ್ಜಿಂಗ್ ಕೇಬಲ್ ತೆಗೆದುಕೊಳ್ಳಿ. ಕಾರ್ಟ್ರಿಜ್ ಯಾವ ದೇಶದ್ದಾದರೂ ನಡೆಯುತ್ತದೆ.

ಇನ್ನು ಆಟ. ಎಲ್ಲರೂ ದೊಡ್ಡ ಪದ ಹುಡುಕುತ್ತಾರೆ. ನಾನು ಎರಡಕ್ಷರದ ಪದಗಳಿಂದ ಶುರು ಮಾಡಿದೆ, ಇವತ್ತು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಮಷೀನು ನನಗೆ ಗೊತ್ತಿಲ್ಲದ ಎರಡಕ್ಷರದ ಪದ ಇಟ್ಟಾಗಲೆಲ್ಲ ಚಿಕ್ಕ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಕ್ಯು-ಐ, ಚೀನಾದವರು ಹೇಳುವ ಪ್ರಾಣಶಕ್ತಿ. ಎಕ್ಸ್-ಯು, ವಿಯೆಟ್ನಾಮಿನ ನಾಣ್ಯ. ಎಕ್ಸ್-ಐ, ಗ್ರೀಕ್ ಅಕ್ಷರ. ಜೆ-ಒ, ಸ್ಕಾಟ್ಲೆಂಡಿನಲ್ಲಿ ಪ್ರೀತಿಪಾತ್ರರನ್ನು ಕರೆಯುವುದು. ಝಡ್-ಒ, ಹಿಮಾಲಯದ ಕಡೆ ಯಾಕ್ ಮತ್ತು ದನದ ಮಿಶ್ರತಳಿ. ಕ್ಯು ಮತ್ತು ಝಡ್‌ಗೆ ಹತ್ತು ಹತ್ತು ಅಂಕ, ಜೆ ಮತ್ತು ಎಕ್ಸ್‌ಗೆ ಎಂಟೆಂಟು. ಎರಡಕ್ಷರದ ಪದ ಗೊತ್ತಿಲ್ಲದವರಿಗೆ ಇವು ಹೊರೆ, ಗೊತ್ತಿದ್ದವರಿಗೆ ಸೊತ್ತು.

ಎಷ್ಟು ದೊಡ್ಡ ಸೊತ್ತು ಎಂದು ಒಂದು ಆಟ ತೋರಿಸಿ ಹೇಳುತ್ತೇನೆ. ಬೋರ್ಡಿನಲ್ಲಿ ಅಡ್ಡಕ್ಕೆ ‘ಬೋಟ್’ ಕುಳಿತಿತ್ತು: ಬಿ, ಒ, ಎ, ಟಿ. ಅದರ ಎ ಅಕ್ಷರದ ಸರಿ ಕೆಳಗೆ ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆ. ನಾನು ಎ ಕೆಳಗೆ ಎಕ್ಸ್, ಟಿ ಕೆಳಗೆ ಐ ಇಟ್ಟೆ. ಅಡ್ಡಕ್ಕೆ ಎಕ್ಸ್-ಐ ಆಯಿತು: ಎಂಟರ ಮೂರು ಪಟ್ಟು 24, ಐಗೆ ಒಂದು, ಒಟ್ಟು 25. ಉದ್ದಕ್ಕೆ ಎ-ಎಕ್ಸ್, ಅಂದರೆ ಕೊಡಲಿ, ಆಯಿತು: ಎಕ್ಸ್‌ಗೆ ಮತ್ತೆ 24, ಎಗೆ ಒಂದು, ಇನ್ನೊಂದು 25. ಪಕ್ಕದಲ್ಲಿ ಟಿ-ಐ ಎಂಬ ಸಂಗೀತದ ಸ್ವರದ ಹೆಸರೂ ಆಗಿ ಅದಕ್ಕೆ 2. ಎರಡೇ ಬಿಲ್ಲೆಗೆ 52 ಅಂಕ! ಕೈಯಲ್ಲಿರುವ ಏಳಕ್ಕೆ ಏಳೂ ಬಿಲ್ಲೆ ಒಂದೇ ಸಲ ಇಟ್ಟವರಿಗೆ ಸಿಗುವ ಬೋನಸ್ಸೇ 50. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಕಾಲೇಜು ಹುಡುಗಿ ಕೇಳಿದಳು, “ಎಂತ ಆಂಟಿ, ಇಷ್ಟು ಸಣ್ಣದಕ್ಕೆ ಅಷ್ಟು ಪಾಯಿಂಟಾ?” ಸುರತ್ಕಲ್ ಬರುವಷ್ಟರಲ್ಲಿ ಅವಳಿಗೂ ಆಟದ ರುಚಿ ಹತ್ತಿತ್ತು.

ಹೀಗೆ ಇರುವ ಪದಕ್ಕೆ ತಾಗಿಸಿ ಇನ್ನೊಂದು ಪದ ಸಮಾನಾಂತರ ಇಡುವುದೇ ಈ ಆಟದ ಜೀವ. ಅದಕ್ಕೆ ಎರಡಕ್ಷರದ ಪದಗಳು ಕೀಲು. ಅವು ಬಾಯಿಪಾಠವಾದ ದಿನದಿಂದ ಬೋರ್ಡೇ ಬೇರೆ ಥರ ಕಾಣುತ್ತದೆ. ಮೊದಲು ಮುಚ್ಚಿದ ಗೋಡೆ ಅಂದುಕೊಂಡಲ್ಲೆಲ್ಲ ಬಾಗಿಲು ಇರುತ್ತದೆ.

ಎರಡನೆಯದು, ಕೈಯಲ್ಲಿ ಏನು ಉಳಿಯುತ್ತದೆ ಎಂಬ ಲೆಕ್ಕ. ಇದನ್ನು ಅರ್ಥ ಮಾಡಿಕೊಳ್ಳಲು ಆಟ ಹುಟ್ಟಿದ ಬಗೆ ತಿಳಿದರೆ ಸುಲಭ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ, ಪತ್ರಿಕೆಯ ಮುಖಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಬಿಲ್ಲೆಗಳ ಸಂಖ್ಯೆಯನ್ನೂ ಅಂಕವನ್ನೂ ನಿಗದಿ ಮಾಡಿದರು. ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ, ಜೇಮ್ಸ್ ಬ್ರೂನೊ ಇದನ್ನು ಮಾರಾಟಕ್ಕೆ ತಂದಾಗ. ಅವತ್ತಿನ ಎಣಿಕೆಯೇ ಇವತ್ತಿಗೂ ನಡೆಯುತ್ತಿದೆ: ನೂರು ಬಿಲ್ಲೆಯಲ್ಲಿ ಇ ಹನ್ನೆರಡು, ಎ ಮತ್ತು ಐ ಒಂಬತ್ತೊಂಬತ್ತು, ಒ ಎಂಟು, ಯು ನಾಲ್ಕು. ಒಟ್ಟು ಸ್ವರ 42. ಎಸ್ ನಾಲ್ಕೇ ನಾಲ್ಕು. ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆ ಎರಡು.

ಇದರಿಂದ ನಾನು ಕಲಿತದ್ದು ಇಷ್ಟು. 24 ಅಂಕದ ಪದ ಇಟ್ಟರೆ ಕೈಯಲ್ಲಿ ಪದಕ್ಕೆ ಸುಲಭವಾಗಿ ಕೂಡದ ಯು, ಯು, ವಿ ಉಳಿಯುತ್ತದೆ, 19ರ ಪದ ಇಟ್ಟರೆ ಇ, ಆರ್, ಎಸ್ ಉಳಿಯುತ್ತದೆ ಎಂದಾದರೆ ನಾನು ಕಣ್ಣುಮುಚ್ಚಿ 19 ಇಡುತ್ತೇನೆ. ಆ ಐದು ಅಂಕ ಮುಂದಿನ ಸರದಿಯಲ್ಲಿ ಬಡ್ಡಿ ಸಮೇತ ಬರುತ್ತದೆ. ಎ, ಇ, ಐ, ಎನ್, ಆರ್, ಎಸ್, ಟಿ ಈ ಏಳು ಅಕ್ಷರ ಒಟ್ಟಿಗೆ ಸಿಕ್ಕರೆ ರಿಟೇನ್ಸ್, ರೆಟಿನಾಸ್, ನ್ಯಾಸ್ಟಿಯರ್, ಸ್ಟೀಯರಿನ್ ಎಂದು ಏಳಕ್ಷರದ ಪದಗಳು ಸಾಲು ಹಿಡಿದು ನಿಲ್ಲುತ್ತವೆ. ಈ ಅಕ್ಷರಗಳಲ್ಲಿ ನಾಲ್ಕೈದು ಕೈಯಲ್ಲಿದ್ದರೆ ನಾನು ಚದುರಿಸುವುದಿಲ್ಲ, ಬೇಡದ ಒಂದೆರಡು ಬಿಲ್ಲೆಯನ್ನಷ್ಟೇ ಖರ್ಚು ಮಾಡುತ್ತೇನೆ. ಎಸ್ ಮತ್ತು ಖಾಲಿ ಬಿಲ್ಲೆಯನ್ನು ಸಣ್ಣಪುಟ್ಟ ಅಂಕಕ್ಕೆ ಬಿಡುವುದಂತೂ ಇಲ್ಲವೇ ಇಲ್ಲ.

ನಮ್ಮೂರಿನ ಪದಗಳು ಪಟ್ಟಿಯಲ್ಲಿ ಸಿಕ್ಕಾಗ ಆಗುವ ಸಂತೋಷ ಬೇರೆಯೇ. ತೆಂಗಿನ ನಾರಿನ ಕಾಯಿರ್‌ಗೆ 6, ಕೊಬ್ಬರಿಯ ಕೋಪ್ರಾಕ್ಕೆ 9, ಘಾಟ್‌ಗೆ 8, ತೇಗದ ಟೀಕ್‌ಗೆ 8. ಅಡಿಕೆಯ ಅರೆಕಾ, ವೀಳ್ಯದೆಲೆಯ ಬೀಟಲ್, ರಾಗಿ ಎಲ್ಲ ಉಂಟು. ದೋಸೆ, ಇಡ್ಲಿ ಎರಡಕ್ಕೂ ಐದೈದೇ ಅಂಕ, ಉಡುಪಿಯವರಿಗೆ ಸ್ವಲ್ಪ ಕಡಿಮೆಯೇ ಆಯಿತು ಅನಿಸುತ್ತದೆ. ಆದರೆ ಕಾರ್ಟ್ರಿಜ್ಜಿನಲ್ಲಿರುವ ಪಟ್ಟಿ ಅದು ತಯಾರಾದ ವರ್ಷಕ್ಕೇ ನಿಂತಿರುತ್ತದೆ ಎಂಬುದು ನೆನಪಿರಲಿ. ಒ-ಕೆ ಎಂಬ ದಿನಬಳಕೆಯ ಪದ ಅಮೆರಿಕದ ಪಟ್ಟಿಗೆ ಸೇರಿದ್ದೇ 2018ರಲ್ಲಿ, ಬ್ರಿಟನ್ನಿನ ಕಾಲಿನ್ಸ್ ಪಟ್ಟಿಗೆ 2019ರಲ್ಲಿ. ನನ್ನ ಹಳೆಯ ಮಷೀನು ಅದನ್ನು ಒಪ್ಪುವುದಿಲ್ಲ.

ಮಷೀನಿನ ಇನ್ನೊಂದು ಗುಣ ಒಳ್ಳೆಯ ಆಟಗಾರರನ್ನೂ ಕೆಡಿಸಬಲ್ಲದು. ಮನೆಯಲ್ಲಿ ಬೋರ್ಡು ಹಾಸಿ ಆಡುವಾಗ ತಪ್ಪು ಪದ ಇಟ್ಟು ಎದುರಾಳಿ ಪ್ರಶ್ನಿಸಿದರೆ ಬಿಲ್ಲೆ ವಾಪಸು ತೆಗೆಯಬೇಕು, ಸರದಿಯೂ ಹೋಗುತ್ತದೆ. ಮಷೀನು ಹಾಗಲ್ಲ. ತಪ್ಪು ಪದವನ್ನು ಒಪ್ಪುವುದಿಲ್ಲ, ಆದರೆ ದಂಡವನ್ನೂ ಹಾಕುವುದಿಲ್ಲ, ಮತ್ತೆ ಮತ್ತೆ ಇಟ್ಟು ನೋಡಬಹುದು. ಹೀಗೆ ಕತ್ತಲಲ್ಲಿ ಕೈಯಾಡಿಸಿ ಸಿಕ್ಕಿದ ಪದ ತಲೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ: ಒಂದು ಸರದಿಗೆ ಒಂದೇ ಪ್ರಯತ್ನ. ಮಷೀನು ಬೇಡ ಎಂದರೆ ಆ ಸರದಿ ಬಿಟ್ಟುಕೊಡಬೇಕು. ಮೊದಮೊದಲು ಹೊಟ್ಟೆ ಉರಿಯುತ್ತದೆ. ಆದರೆ ಇಡುವ ಮೊದಲು ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ಬಂದದ್ದು ಇದರಿಂದಲೇ. ಪಕ್ಕದ ಮನೆಯ ಬೋರ್ಡಿನ ಮುಂದೆ ಕುಳಿತಾಗ ಅದರ ಬೆಲೆ ತಿಳಿಯುತ್ತದೆ.

ಸುಲಭದ ಮಟ್ಟದಿಂದ ಕಷ್ಟಕ್ಕೆ ಹೋಗಲು ಅವಸರ ಮಾಡಬೇಡಿ, ಹಾಗೆಂದು ಗೆಲ್ಲುತ್ತಾ ಸುಲಭದಲ್ಲೇ ಕೂರಲೂಬೇಡಿ. ಹೆಚ್ಚಿನ ಆಟ ಗೆಲ್ಲತೊಡಗಿದ ಕೂಡಲೇ ಮೇಲಿನ ಮಟ್ಟಕ್ಕೆ ಹೋಗುವುದು ನನ್ನ ಕ್ರಮ. ಅತಿ ಕಷ್ಟದ ಮಟ್ಟದಲ್ಲಿ ಪದಸಂಪತ್ತಿನಿಂದ ಅದನ್ನು ಸೋಲಿಸಲು ಆಗುವುದಿಲ್ಲ, ಅದಕ್ಕೆ ಪಟ್ಟಿ ಇಡೀ ಗೊತ್ತು. ಆದರೆ ನಾನು ಕಂಡಂತೆ ಅದು ಎದುರಿಗಿರುವ ದೊಡ್ಡ ಅಂಕವನ್ನು ಬಾಚಿಕೊಳ್ಳುತ್ತದೆ, ನನಗೆ ಮೂರು ಪಟ್ಟಿನ ಮನೆ ತೆರೆದುಕೊಟ್ಟೆ ಎಂಬ ಚಿಂತೆ ಮಾಡುವುದಿಲ್ಲ. ನಾನು ಮುಂದೆ ಇದ್ದರೆ ಬೋರ್ಡಿನ ದಾರಿಗಳನ್ನು ಸಣ್ಣ ಪದಗಳಿಂದ ಮುಚ್ಚುತ್ತೇನೆ, ಹಿಂದೆ ಇದ್ದರೆ ತೆರೆಯುತ್ತೇನೆ. ಗೆಲುವು ಹೆಚ್ಚಾಗಿ ಇಲ್ಲೇ ಸಿಕ್ಕಿದೆ.

ಕೊನೆಯ ಹಂತಕ್ಕೆ ಕಾಗದ ಪೆನ್ನು ಬೇಕು. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಆಡಿ ಬೆಳೆದವರಿಗೆ ಇದು ಹೊಸತಲ್ಲ. ಹದಿನಾಲ್ಕು ಗುಳಿಯಲ್ಲಿ ಯಾವುದರಲ್ಲಿ ಎಷ್ಟು ಮಂಜೊಟ್ಟಿ ಕಾಯಿ ಎಂದು ನೆನಪಿಟ್ಟ ಹಾಗೆ, ಇಲ್ಲಿ ಯಾವ ಬಿಲ್ಲೆ ಹೊರಗೆ ಬಂತು ಎಂದು ಲೆಕ್ಕ ಇಡಬೇಕು. ನೂರು ಬಿಲ್ಲೆಯ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಬೋರ್ಡಿಗೆ ಬಂದದ್ದಕ್ಕೆ ಗೆರೆ ಎಳೆಯುತ್ತಾ ಹೋಗುತ್ತೇನೆ. ಬಿಲ್ಲೆ ತೆಗೆಯುವ ಚೀಲ ಖಾಲಿಯಾದಾಗ ಚೀಟಿಯಲ್ಲಿ ಉಳಿದದ್ದರಿಂದ ನನ್ನ ಕೈಯಲ್ಲಿರುವುದನ್ನು ಕಳೆದರೆ ಎದುರಾಳಿಯ ಬಿಲ್ಲೆಗಳು ಕಣ್ಣೆದುರು! ಅವಳ ಹತ್ತಿರ ವಿ ಇದೆ, ಇಡಲು ಒಂದೇ ಜಾಗ ಇದೆ ಎಂದು ಗೊತ್ತಾದರೆ ಆ ಜಾಗ ಮುಚ್ಚುವುದು. ‘ಅವಳು’ ಎಂದೆ, ಏಕೆಂದರೆ ಭಾನುವಾರ ಮಧ್ಯಾಹ್ನ ನನ್ನ ಎದುರಾಳಿ ಮಗಳು. ಒಂದೇ ಮಷೀನನ್ನು ಕೈಯಿಂದ ಕೈಗೆ ದಾಟಿಸಿ ಆಡುತ್ತೇವೆ. ಚೀಟಿ ನೋಡಬಾರದು ಎಂದು ಅವಳ ತಕರಾರು, ಅವಳೂ ಬರೆದುಕೊಳ್ಳಲಿ ಎಂದು ನನ್ನ ವಾದ.

ಆಟ ಮುಗಿದಾಗ ಕೈಯಲ್ಲಿ ಉಳಿದ ಬಿಲ್ಲೆಯ ಅಂಕ ನಮ್ಮದರಿಂದ ಕಳೆಯುತ್ತದೆ, ಎಲ್ಲ ಮುಗಿಸಿದವರಿಗೆ ಸೇರುತ್ತದೆ. ಕ್ಯು ಒಂದು ಉಳಿದರೆ ಇಪ್ಪತ್ತು ಅಂಕದ ಅಂತರ. ಚೀಲದಲ್ಲಿ ಏಳಕ್ಕಿಂತ ಕಡಿಮೆ ಇದ್ದರೆ ಬಿಲ್ಲೆ ಬದಲಾಯಿಸಲೂ ನಿಯಮ ಬಿಡುವುದಿಲ್ಲ. ಆದ್ದರಿಂದ ಚೀಲದಲ್ಲಿ ಹದಿನೈದು ಇಪ್ಪತ್ತು ಇರುವಾಗಲೇ, ಕ್ಯು ಕೈಯಲ್ಲಿದ್ದರೆ, ಕ್ಯು-ಐ ಕಟ್ಟಲು ಎಡಕ್ಕೋ ಮೇಲಕ್ಕೋ ಜಾಗ ಖಾಲಿ ಇರುವ ಐ ಬೋರ್ಡಿನಲ್ಲಿ ಎಲ್ಲಿ ಉಂಟು ಎಂದು ಹುಡುಕುತ್ತೇನೆ. ಇಲ್ಲ ಎಂದಾದರೆ ಅಂಕದ ಆಸೆ ಬಿಟ್ಟು ಒಂದು ಸರದಿ ಕೊಟ್ಟು ಬದಲಾಯಿಸಿಕೊಳ್ಳುತ್ತೇನೆ.